ನಡೆಯುವುದಕ್ಕೆ ನ್ಯೂಜಿಲೆಂಡಿನಲ್ಲಿ ಎಷ್ಟು ಹೆಸರು

ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುವವರ ಕೈಪಿಡಿಗಳಲ್ಲಿ ‘ವಾಕ್’ ಎಂಬ ಕ್ರಿಯಾಪದಕ್ಕೆ ಒಂದು ಪಟ್ಟಿ ಇದ್ದೇ ಇರುತ್ತದೆ: ಸ್ಟ್ರೋಲ್, ಆಂಬಲ್, ಸಾಂಟರ್, ಸ್ಟ್ರೈಡ್, ಟ್ರಜ್, ಪ್ಲಾಡ್, ಮಾರ್ಚ್, ಹೈಕ್, ಟ್ರ್ಯಾಂಪ್. ನ್ಯೂಜಿಲೆಂಡಿಗೆ ಓದಲು, ದುಡಿಯಲು ಬರುವ ಕನ್ನಡಿಗರಲ್ಲಿ ಬಹಳ ಮಂದಿ ಐಇಎಲ್‌ಟಿಎಸ್‌ನಂಥ ಪರೀಕ್ಷೆ ದಾಟಿ ಬರುವವರು. ಇಂಥ ಪಟ್ಟಿಯನ್ನು ಒಮ್ಮೆಯಾದರೂ ಬಾಯಿಪಾಠ ಮಾಡಿರುತ್ತಾರೆ. ಒಂದೇ ಮಾತು ಮತ್ತೆ ಮತ್ತೆ ಬರಬಾರದು, ಒಂದರ ಬದಲು ಇನ್ನೊಂದನ್ನು ಹಾಕಿ ಎಂಬುದು ಅಲ್ಲಿನ ಸಲಹೆ. ಈ ನಾಡಿನಲ್ಲಿ ಕಾಲಿಟ್ಟ ಮೇಲೆ ಆ ಸಲಹೆ ನಿಲ್ಲುವುದಿಲ್ಲ. ‘ಭಾನುವಾರ ವಾಕ್ ಹೋಗೋಣ’ ಎಂದರೆ ಸಮುದ್ರದಂಡೆಯಲ್ಲಿ ಒಂದು ಗಂಟೆ ಕಾಲಾಡಿಸಿ ಕಾಫಿ ಕುಡಿದು ಬರುವುದು. ‘ವಾರಾಂತ್ಯಕ್ಕೆ ಟ್ರ್ಯಾಂಪ್ ಹೋಗೋಣ’ ಎಂದರೆ ಬೆನ್ನಿಗೆ ಹೊರೆ, ಮಳೆಯಂಗಿ, ಮಲಗುವ ಚೀಲ, ಒಲೆ, ಎರಡು ದಿನದ ಊಟ, ಕಾಡಿನ ನಡುವಣ ಗುಡಿಸಲಲ್ಲಿ ರಾತ್ರಿ. ‘ಹೀಕೊಯಿಗೆ ಹೋಗೋಣ’ ಎಂದರೆ ಕೈಯಲ್ಲಿ ಬಾವುಟ, ಎದೆಯಲ್ಲಿ ಒಂದು ಕಾರಣ. ಮೂರರಲ್ಲೂ ಮಾಡುವುದು ನಡೆಯುವುದನ್ನೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಬರುವವನು ಚಪ್ಪಲಿ ಹಾಕಿಕೊಂಡು ಹಿಮದ ಬಾಯಿಗೆ ಬಂದು ನಿಂತಾನು.

ನಾಮಪದಗಳ ಹಿಂದೆ ಊರು ಇರುತ್ತದೆ, ಬೆಳೆ ಇರುತ್ತದೆ ಎಂದು ಒಪ್ಪುವ ನಾವು ಕ್ರಿಯಾಪದಗಳನ್ನು ಮಾತ್ರ ಎಲ್ಲಿ ಬೇಕಾದರೂ ಸಲ್ಲುವ ನಾಣ್ಯಗಳೆಂದು ಭಾವಿಸುತ್ತೇವೆ. ನಡೆಯುವುದಕ್ಕೆ ಈ ದೇಶದಲ್ಲಿ ಇರುವ ಹೆಸರುಗಳನ್ನು ಒಂದೊಂದಾಗಿ ನೋಡಿದರೆ ಕ್ರಿಯಾಪದಕ್ಕೂ ಮಣ್ಣು ಅಂಟಿರುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಮೂಲಪದದಿಂದ ಶುರುಮಾಡೋಣ. ‘ವಾಕ್’ಗೆ ಮೊದಲು ನಡೆಯುವ ಅರ್ಥವೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ಹೊರಳು, ಉರುಳು ಎಂಬ ಅರ್ಥ. ಅಲೆಗಳು ಹೊರಳುವುದಕ್ಕೆ ಆ ಮಾತು ಸಲ್ಲುತ್ತಿತ್ತು. ಉಣ್ಣೆಬಟ್ಟೆಯನ್ನು ನೀರಿನಲ್ಲಿ ನೆನೆಸಿ ಕಾಲಿನಿಂದ ತುಳಿದು ಹದಮಾಡುವವನೂ ‘ವಾಕರ್’ ಎನಿಸಿಕೊಂಡ. ಇಂದು ಇಂಗ್ಲಿಷ್ ಮಾತಾಡುವ ದೇಶಗಳಲ್ಲೆಲ್ಲ ಸಿಗುವ ವಾಕರ್ ಎಂಬ ಮನೆತನದ ಹೆಸರು ಆ ಬಟ್ಟೆ ತುಳಿಯುವವರದು. ಕಾಲ್ನಡಿಗೆಯ ಅರ್ಥ ಗಟ್ಟಿಯಾಗಿ ನಿಂತದ್ದು ಮಧ್ಯಯುಗದಲ್ಲಿ. ಬೈಬಲಿನ ಅನುವಾದಗಳ ಮೂಲಕ ಅದಕ್ಕೆ ‘ಬಾಳುವ ಬಗೆ’ ಎಂಬ ಅರ್ಥವೂ ಸೇರಿತು.

ಆ ಕೊನೆಯ ಅರ್ಥವನ್ನು ಕನ್ನಡಿಗನಿಗೆ ವಿವರಿಸಬೇಕಿಲ್ಲ. ತಮಿಳು, ಮಲಯಾಳಂ, ತೆಲುಗುಗಳಲ್ಲೂ ಇರುವ ‘ನಡೆ’ ಎಂಬ ಬೇರಿನಿಂದ ನಮ್ಮಲ್ಲಿ ಎಷ್ಟು ಕೊಂಬೆ ಒಡೆದಿವೆ! ಮದುವೆ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ, ಸೊಸೆ ಮನೆ ನಡೆಸುತ್ತಾಳೆ, ಹುಡುಗ ಚೆನ್ನಾಗಿ ನಡೆದುಕೊಳ್ಳುತ್ತಾನೆ, ಸಭೆಗೆ ನಡಾವಳಿ ಇರುತ್ತದೆ, ದೇವರ ಉತ್ಸವಕ್ಕೆ ನಡೆಮಡಿ ಹಾಸುತ್ತೇವೆ, ಪಂದ್ಯದಲ್ಲಿ ಮುನ್ನಡೆ, ಕೋರ್ಟಿನಲ್ಲಿ ಹಿನ್ನಡೆ. ನಡೆ ಮತ್ತು ನುಡಿ ಒಂದಾಗಬೇಕೆಂದು ವಚನಕಾರರು ಪಟ್ಟುಹಿಡಿದದ್ದೂ ಈ ಪದದ ಮೇಲೆಯೇ. ಇಂಗ್ಲಿಷಿನ ‘ವಾಕ್’ ಇಷ್ಟು ಹರಡಿಕೊಂಡಿಲ್ಲ. ಅದು ತನ್ನ ಭಾರವನ್ನು ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚಿಕೊಟ್ಟಿದೆ. ಹಾಗೆ ಪಾಲು ಪಡೆದವುಗಳಲ್ಲಿ ಒಂದು ನ್ಯೂಜಿಲೆಂಡಿನಲ್ಲಿ ಬೇರೆಲ್ಲೂ ಸಿಗದ ಗೌರವ ಸಂಪಾದಿಸಿತು. ಅದು ‘ಟ್ರ್ಯಾಂಪ್’.

ನಮ್ಮಲ್ಲಿ ಈ ಪದ ಕೇಳಿದೊಡನೆ ಕಣ್ಣಿಗೆ ಬರುವುದು ಚಾರ್ಲಿ ಚಾಪ್ಲಿನ್. 1915ರಲ್ಲಿ ‘ದಿ ಟ್ರ್ಯಾಂಪ್’ ಎಂಬ ಹೆಸರಿನ ಚಿತ್ರವನ್ನೇ ಅವನು ತೆಗೆದ. ದೊಗಳೆ ಚಲ್ಲಣ, ಕೋಲು, ಹರಿದ ಬೂಟು. ಜರ್ಮನ್ ಕಡೆಯಿಂದ ಇಂಗ್ಲಿಷಿಗೆ ಬಂದ ಈ ಮಾತಿಗೆ ಮೂಲ ಅರ್ಥ ದಪದಪನೆ ಕಾಲಪ್ಪಳಿಸಿ ನಡೆಯುವುದು; ‘ಟ್ರ್ಯಾಂಪಲ್’, ಅಂದರೆ ತುಳಿದುಹಾಕು, ಇದರದೇ ಕುಲದ್ದು. ಹದಿನೇಳನೆಯ ಶತಮಾನದ ಹೊತ್ತಿಗೆ ಊರೂರು ಅಲೆಯುವ ನೆಲೆಯಿಲ್ಲದವನಿಗೆ ಅದು ಹೆಸರಾಯಿತು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇವತ್ತಿಗೂ ಆ ಪದದಲ್ಲಿ ತಾತ್ಸಾರವಿದೆ. ಇಲ್ಲಿ ಹಾಗಲ್ಲ. 1919ರಲ್ಲಿ ವೆಲಿಂಗ್ಟನ್ನಿನ ಕೆಲವರು ಊರಿನ ಉತ್ತರಕ್ಕಿರುವ ಬೆಟ್ಟಸಾಲಿನ ಹೆಸರಿನಲ್ಲಿ ತರರುವಾ ಟ್ರ್ಯಾಂಪಿಂಗ್ ಕ್ಲಬ್ ಕಟ್ಟಿದರು. ದೇಶದ ಮೊದಲ ಟ್ರ್ಯಾಂಪಿಂಗ್ ಸಂಘ ಅದು, ಇಂದಿಗೂ ನಡೆಯುತ್ತಿದೆ. ಆಮೇಲೆ ಊರೂರಿಗೆ ಸಂಘಗಳಾದವು; 1931ರಲ್ಲಿ ಅವೆಲ್ಲ ಸೇರಿ ಫೆಡರೇಟೆಡ್ ಮೌಂಟನ್ ಕ್ಲಬ್ಸ್ ಎಂಬ ಒಕ್ಕೂಟ ಮಾಡಿಕೊಂಡವು. ವಕೀಲರು, ಗುಮಾಸ್ತರು, ವಿದ್ಯಾರ್ಥಿಗಳು, ಹೆಂಗಸರು, ಗಂಡಸರು ತಮ್ಮನ್ನು ತಾವೇ ಹೆಮ್ಮೆಯಿಂದ ಟ್ರ್ಯಾಂಪರ್ ಎಂದು ಕರೆದುಕೊಂಡರು.

ಅಲೆಮಾರಿಯ ಹೆಸರು ಹೀಗೆ ಮರ್ಯಾದಸ್ಥರ ಹವ್ಯಾಸಕ್ಕೆ ಬಂದದ್ದು ಹೇಗೆ? ನನ್ನ ಊಹೆ ಇದು: ಇಲ್ಲಿ ಅಲೆಮಾರಿ ಕೂಲಿಗೆ ಬೇರೆಯೇ ಹೆಸರಿತ್ತು. ಹೊದಿಕೆಯ ಸುರುಳಿಯಲ್ಲಿ ತನ್ನ ಸರ್ವಸ್ವವನ್ನೂ ಸುತ್ತಿ ಹೆಗಲಿಗೆ ಹಾಕಿ ಕುರಿಮಂದೆಯ ಒಂದು ಜಮೀನಿನಿಂದ ಇನ್ನೊಂದಕ್ಕೆ ಕೆಲಸ ಹುಡುಕಿ ನಡೆಯುವವನನ್ನು ಆಸ್ಟ್ರೇಲಿಯದವರು ‘ಸ್ವ್ಯಾಗ್‌ಮನ್’ ಎಂದರೆ ಇಲ್ಲಿಯವರು ‘ಸ್ವ್ಯಾಗರ್’ ಎಂದರು. ಸುರುಳಿಗೆ ಸ್ವ್ಯಾಗ್ ಎಂಬ ಹೆಸರು, ಅದನ್ನು ಹೊತ್ತವನು ಸ್ವ್ಯಾಗರ್. ತಾತ್ಸಾರವಾಗಲಿ ಕನಿಕರವಾಗಲಿ ಆ ಪದದ ಮೇಲೆ ಹೋಗಿ ಕೂತಿತು. ಟ್ರ್ಯಾಂಪ್ ಕ್ರಿಯಾಪದ ಚೊಕ್ಕಟವಾಗಿ ಉಳಿದುಕೊಂಡಿತು. ಜೊತೆಗೆ ನೆಲವೂ ಆ ಪದವನ್ನು ಬೇಡಿತು. ಇಂಗ್ಲೆಂಡಿನ ಹುಲ್ಲುಗಾವಲಿನ ಕಾಲುದಾರಿಯಲ್ಲಿ ‘ರ‍್ಯಾಂಬಲ್’ ಮಾಡಬಹುದು, ಅಂದರೆ ಗೊತ್ತುಗುರಿಯಿಲ್ಲದೆ ಸುತ್ತಾಡಬಹುದು. ತರರುವಾದ ಕೆಸರು, ಜರಿಗಿಡಗಳ ಕತ್ತಲೆ, ಬೇರುಗಳ ಏಣಿ, ಮಂಡಿ ಮುಳುಗುವ ಹೊಳೆಗಳಲ್ಲಿ ಗುರಿಯಿಲ್ಲದೆ ಸುತ್ತಾಡಲಾಗದು. ಕಾಲು ಊರಿ ಊರಿ, ಅಪ್ಪಳಿಸಿಯೇ ಮುಂದೆ ಸಾಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಳೆ ದಾಟುವಾಗ ಕೊಚ್ಚಿಹೋಗಿ ಸತ್ತವರು ಎಷ್ಟಿದ್ದರೆಂದರೆ, ನೀರಿನಲ್ಲಿ ಮುಳುಗಿ ಸಾಯುವುದಕ್ಕೆ ‘ನ್ಯೂಜಿಲೆಂಡ್ ಸಾವು’ ಎಂಬ ಹೆಸರೇ ಬಿದ್ದಿತ್ತು.

ಟ್ರ್ಯಾಂಪರ್‌ಗಳ ನಡುವೆ ಇನ್ನೂ ಸಣ್ಣ ಸಣ್ಣ ಚಲನೆಗಳಿಗೆ ಹೆಸರು ಹುಟ್ಟಿದವು. ನನಗೆ ಬಹಳ ಹಿಡಿಸಿದ್ದು ‘ಸೈಡ್ಲ್’. ಬೇರೆಡೆಯ ಇಂಗ್ಲಿಷಿನಲ್ಲಿ ಇದು ಕಳ್ಳಹೆಜ್ಜೆಯ ಮಾತು: ಯಾರಿಗೂ ಕಾಣದಂತೆ ಪಕ್ಕಪಕ್ಕಕ್ಕೆ ಸರಿದು ಬಳಿ ಸೇರುವುದು. ಇಲ್ಲಿ ಅದಕ್ಕೆ ಕಳ್ಳತನದ ಸೋಂಕೇ ಇಲ್ಲ. ಬೆಟ್ಟದ ಇಳಿಜಾರಿನಲ್ಲಿ ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ ಪಕ್ಕೆಯನ್ನು ಹಿಡಿದು ಅಡ್ಡಕ್ಕೆ ಸಾಗುವುದು ಸೈಡ್ಲ್. ಜಲಪಾತವಿದ್ದರೆ ಅದನ್ನು ಬಳಸಿ ಹೋಗುವ ದಾರಿ, ಹೊಳೆ ತುಂಬಿದಾಗ ದಂಡೆಯ ಮೇಲಿನ ದಾರಿ, ಎಲ್ಲ ‘ಸೈಡ್ಲ್ ಟ್ರ್ಯಾಕ್’. ಮಲೆನಾಡಿನಲ್ಲಿ ಗುಡ್ಡದ ಮಗ್ಗುಲಲ್ಲೇ ಹಾದುಹೋಗುವ ಕಾಲುದಾರಿ ಹಿಡಿದು ಗದ್ದೆಗೆ ಹೋದವರಿಗೆ ಈ ನಡಿಗೆ ಗೊತ್ತು: ಒಂದು ಕಾಲು ಸದಾ ಮೇಲೆ, ಒಂದು ಕಾಲು ಸದಾ ಕೆಳಗೆ. ಗಿಡಗಂಟಿ ಸೀಳಿಕೊಂಡು ದಾರಿಯಿಲ್ಲದಲ್ಲಿ ನುಗ್ಗುವುದಕ್ಕೆ ‘ಬುಶ್ ಬ್ಯಾಶಿಂಗ್’. ನಡುದಾರಿಯಲ್ಲಿ ಬಾಯಿಗೆ ಎಸೆದುಕೊಳ್ಳುವ ಒಣದ್ರಾಕ್ಷಿ, ಕಡಲೆಬೀಜ, ಚಾಕೊಲೇಟ್ ಚೂರುಗಳ ಬೆರಕೆಗೆ ‘ಸ್ಕ್ರಾಗಿನ್’. ಹೀಗೆ ಒಂದು ಕ್ರಿಯಾಪದ ನೆಲೆನಿಂತಿತೆಂದರೆ ಅದರ ಸುತ್ತ ಒಂದು ಸಂಸಾರವೇ ಬೆಳೆಯುತ್ತದೆ.

ಸರ್ಕಾರವೂ ಈ ಪದಭೇದವನ್ನು ಒಪ್ಪಿಕೊಂಡು ಫಲಕಗಳ ಮೇಲೆ ಬರೆದಿದೆ. 1987ರಲ್ಲಿ ಸ್ಥಾಪನೆಯಾದ ಸಂರಕ್ಷಣಾ ಇಲಾಖೆಯನ್ನು ಜನ ‘ಡಾಕ್’ ಎನ್ನುತ್ತಾರೆ. ಕಾಡುಮೇಡಿನಲ್ಲಿರುವ 950ಕ್ಕೂ ಹೆಚ್ಚು ತಂಗುಗುಡಿಸಲುಗಳು ಅದರ ಸುಪರ್ದಿಯಲ್ಲಿವೆ. ಅದರ ವಿಂಗಡಣೆಯಲ್ಲಿ ‘ಶಾರ್ಟ್ ವಾಕ್’ ಅತಿ ಸುಲಭ, ಅದರ ಮೇಲೆ ‘ವಾಕಿಂಗ್ ಟ್ರ್ಯಾಕ್’, ಆಮೇಲೆ ‘ಗ್ರೇಟ್ ವಾಕ್’ ಮತ್ತು ಸುಲಭದ ಟ್ರ್ಯಾಂಪಿಂಗ್ ದಾರಿ, ಅದಕ್ಕೂ ಮೇಲೆ ಅನುಭವಿಗಳ ‘ಟ್ರ್ಯಾಂಪಿಂಗ್ ಟ್ರ್ಯಾಕ್’, ಕಟ್ಟಕಡೆಗೆ ‘ರೂಟ್’. ರೂಟ್ ಎಂದರೆ ಅಲ್ಲಿ ದಾರಿ ಎಂಬುದೇ ಇಲ್ಲದಿರಬಹುದು, ದಿಕ್ಕು ಮಾತ್ರ ಇದ್ದೀತು, ಹುಡುಕಿಕೊಂಡು ಹೋಗಬೇಕು. ಇಲ್ಲಿ ಪದವೇ ಎಚ್ಚರಿಕೆ. ಹೊರನಾಡಿನಿಂದ ಬಂದವರು ಟ್ರ್ಯಾಂಪ್ ಎಂಬುದನ್ನು ವಾಕ್‌ನ ಇನ್ನೊಂದು ಹೆಸರೆಂದು ಓದಿದರೆ ಆ ಎಚ್ಚರಿಕೆ ಅವರಿಗೆ ತಲುಪಲೇ ಇಲ್ಲ ಎಂದಾಯಿತು.

ಉತ್ತರ ದ್ವೀಪದ ನಡುವಣ ಜ್ವಾಲಾಮುಖಿಗಳ ಮೇಲೆ ಮಾಂಗಟೆಪೊಪೊದಿಂದ ಕೆಟೆಟಾಹಿಗೆ ಹೋಗುವ ಸುಮಾರು 20 ಕಿಲೋಮೀಟರಿನ ಪ್ರಸಿದ್ಧ ದಾರಿಯ ಕಥೆ ಇದಕ್ಕೆ ಸಾಕ್ಷಿ. ಅದರ ಹೆಸರು ಮೊದಲು ‘ಟೊಂಗರಿರೊ ಕ್ರಾಸಿಂಗ್’. ಕ್ರಾಸಿಂಗ್ ಎಂದರೆ ದಾಟುವುದು. ರಸ್ತೆ ದಾಟಿದಷ್ಟೇ ಸಲೀಸು ಎಂದು ತಿಳಿದವರು ಹತ್ತಿಬಟ್ಟೆ, ತೆಳು ಬೂಟು ಹಾಕಿಕೊಂಡು ಮೇಲೇರಿ, ಹವೆ ತಿರುಗಿದಾಗ ಕಂಗಾಲಾದರು. 2007ರಲ್ಲಿ ಇಲಾಖೆ ನಡುವೆ ಒಂದು ಪದ ಸೇರಿಸಿ ‘ಟೊಂಗರಿರೊ ಆಲ್ಪೈನ್ ಕ್ರಾಸಿಂಗ್’ ಎಂದು ಹೆಸರು ಬದಲಿಸಿತು. ಇದು ಎತ್ತರದ ಬೆಟ್ಟದ ದಾರಿ, ಬೇಸಿಗೆಯಲ್ಲೂ ಹಿಮಗಾಳಿ ಬೀಸಬಹುದು ಎಂದು ಹೆಸರೇ ಹೇಳಲಿ ಎಂಬುದು ಉದ್ದೇಶ.

ಕೆಲವೊಮ್ಮೆ ಪದ ನೆಲದಿಂದ ಬಿಡಿಸಿಕೊಂಡು ಹಾರುವುದೂ ಉಂಟು. ದಕ್ಷಿಣ ದ್ವೀಪದ ಮಿಲ್ಫರ್ಡ್ ಟ್ರ್ಯಾಕ್ 53.5 ಕಿಲೋಮೀಟರ್, ನಾಲ್ಕು ದಿನದ ಹಾದಿ. ಅದರ ನೆತ್ತಿಯ ಕಣಿವೆಮಾರ್ಗವನ್ನು 1888ರಲ್ಲಿ ಕ್ವಿಂಟಿನ್ ಮೆಕಿನನ್ ಕಂಡುಹಿಡಿದ. 1908ರಲ್ಲಿ ಕವಯಿತ್ರಿ ಬ್ಲಾಂಚ್ ಬಾನ್ ಅದರ ಬಗ್ಗೆ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಗೆ ಬರೆದಳು. ಅವಳು ಇಟ್ಟ ತಲೆಬರಹ ‘ಗಮನಾರ್ಹ ನಡಿಗೆ’ ಎಂಬರ್ಥದ್ದು; ಸಂಪಾದಕ ಅದನ್ನು ‘ಜಗತ್ತಿನ ಅತ್ಯುತ್ತಮ ನಡಿಗೆ’ ಎಂದು ತಿದ್ದಿದ. ನೂರು ವರ್ಷ ದಾಟಿದರೂ ಆ ಬಿರುದು ಹೋಗಿಲ್ಲ. ಕೆಸರು ತುಳಿಯುವ ಟ್ರ್ಯಾಂಪಿಗಿಂತ ‘ವಾಕ್’ ಪ್ರವಾಸಿಗನ ಕಿವಿಗೆ ಹಿತ. 1990ರ ದಶಕದ ಆರಂಭದಲ್ಲಿ ಇಲಾಖೆ ತನ್ನ ಅತ್ಯುತ್ತಮ ದಾರಿಗಳಿಗೆ ಒಟ್ಟಾಗಿ ‘ಗ್ರೇಟ್ ವಾಕ್ಸ್’ ಎಂದು ಹೆಸರಿಟ್ಟಿತು. 2024ರ ಅಕ್ಟೋಬರಿನಲ್ಲಿ ಹಂಪ್ ರಿಜ್ ಸೇರಿ ಅವು ಹನ್ನೊಂದಾದವು. ಅವುಗಳಲ್ಲಿ ಒಂದು ವಾಂಗನುಯಿ ನದಿಯ ಪ್ರಯಾಣ: ಟೌಮರುನುಯಿಯಿಂದ ಪಿಪಿರಿಕಿಯವರೆಗೆ ಸುಮಾರು 145 ಕಿಲೋಮೀಟರ್, ಪೂರ್ತಿ ದೋಣಿಯಲ್ಲಿ. ಒಂದು ಹೆಜ್ಜೆ ನಡೆಯದಿದ್ದರೂ ಅದು ‘ಮಹಾ ನಡಿಗೆ’! ಪದ ಒಂದು ದರ್ಜೆಯ ಮುದ್ರೆಯಾದ ಮೇಲೆ ಕಾಲಿನ ಹಂಗು ಅದಕ್ಕೆ ಬೇಕಾಗುವುದಿಲ್ಲ.

ಈಗ ಟ್ರ್ಯಾಂಪಿಗೆ ಎದುರಾಳಿಯಾಗಿ ನಿಂತಿರುವುದು ‘ಹೈಕ್’. ಅಮೆರಿಕದಿಂದ ಪುಸ್ತಕ, ಅಂಗಡಿ, ಮೊಬೈಲಿನ ಮೂಲಕ ಬಂದ ಮಾತು. ಪ್ರವಾಸದ ಜಾಹೀರಾತುಗಳು ಅದನ್ನೇ ಹೆಚ್ಚು ಬಳಸುತ್ತವೆ. ಹೊರಗಿನಿಂದ ಬರುವವರು ಹುಡುಕುವುದೂ ಅದನ್ನೇ. ಆದರೆ ಹೈಕ್‌ನಲ್ಲಿ ಒಂದು ಗಂಟೆಯ ನಡಿಗೆಯೂ ಸೇರುತ್ತದೆ, ಹತ್ತು ದಿನದ್ದೂ ಸೇರುತ್ತದೆ; ವಾಕ್ ಮತ್ತು ಟ್ರ್ಯಾಂಪ್‌ಗಳ ನಡುವೆ ಈ ದೇಶ ನೂರು ವರ್ಷ ಕಷ್ಟಪಟ್ಟು ಎಳೆದ ಗೆರೆಯನ್ನು ಅದು ಅಳಿಸಿಬಿಡುತ್ತದೆ. ಸಂರಕ್ಷಣಾ ಇಲಾಖೆ ಇಂದಿಗೂ ‘ವಾಕಿಂಗ್ ಮತ್ತು ಟ್ರ್ಯಾಂಪಿಂಗ್’ ಎಂದೇ ಬರೆಯುತ್ತಿರುವುದು ನನಗೆ ನೆಮ್ಮದಿಯ ವಿಷಯ. ಇಂಥ ಮಾತನ್ನು ಬಿಟ್ಟುಕೊಡಬಾರದು.

ಬೇರೆ ನಾಡುಗಳೂ ತಮ್ಮ ತಮ್ಮ ಪದ ಮಾಡಿಕೊಂಡಿವೆ. ಆಸ್ಟ್ರೇಲಿಯಕ್ಕೆ ಬುಶ್‌ವಾಕಿಂಗ್. ಇಂಗ್ಲೆಂಡಿನ ರ‍್ಯಾಂಬಲ್, ಕೇಳಲು ಎಷ್ಟೇ ಸಾಧುವಾಗಿದ್ದರೂ, 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಬೆಟ್ಟದಲ್ಲಿ ಜಮೀನ್ದಾರರ ಬೇಟೆಯ ಬಯಲಿಗೆ ನೂರಾರು ಕಾರ್ಮಿಕರು ಒಟ್ಟಾಗಿ ನುಗ್ಗಿದ ಮೇಲೆ ನಡೆಯುವ ಹಕ್ಕಿನ ಮಾತೂ ಆಯಿತು. ನಾವು ಕರ್ನಾಟಕದವರು ಹಿಡಿದದ್ದು ‘ಟ್ರೆಕ್’. ದಕ್ಷಿಣ ಆಫ್ರಿಕದ ಡಚ್ಚರು ಎತ್ತಿನ ಗಾಡಿ ಎಳೆಸಿಕೊಂಡು ಒಳನಾಡಿಗೆ ಹೋದ ವಲಸೆಯ ಪದ ಅದು. ಕುಮಾರಪರ್ವತಕ್ಕೂ ಎತ್ತಿನ ಗಾಡಿಗೂ ಏನೇನೂ ಸಂಬಂಧವಿಲ್ಲ. ಅದಕ್ಕೆ ಕನ್ನಡದಲ್ಲಿ ‘ಚಾರಣ’ ಎಂದು ಯಾರು ಮೊದಲು ಕರೆದರೋ, ಒಳ್ಳೆಯ ಕೆಲಸ ಮಾಡಿದರು. ಹಳೆಯ ಕಾವ್ಯಗಳಲ್ಲಿ ಸಿದ್ಧರ ಜೊತೆ ಬರುವ ಚಾರಣರು ತಿರುಗಾಡುತ್ತ ಹಾಡುವವರು. ಆ ಪದ ಇಂದು ಬೆನ್ನುಚೀಲ ಹೊತ್ತು ಮುಳ್ಳಯ್ಯನಗಿರಿ ಹತ್ತುವವರಿಗೆ ಸಲೀಸಾಗಿ ಒಗ್ಗಿದೆ. ಚಾರಣಿಗ ಎಂಬ ರೂಪವೂ ಹುಟ್ಟಿದೆ.

ನಡಿಗೆಯ ಪಕ್ಕದಲ್ಲೇ ಇರುವ ಒಂದು ಚಲನೆಗೆ ಇಡೀ ಜಗತ್ತಿಗೇ ಹೊಸ ಅರ್ಥ ಹಂಚಿದ ಕೀರ್ತಿಯೂ ಈ ಪುಟ್ಟ ದೇಶಕ್ಕೆ ಸಲ್ಲುತ್ತದೆ. ‘ಜಾಗ್’ ಎಂಬುದು ಇಂಗ್ಲಿಷಿನಲ್ಲಿ ಮೊದಲಿನಿಂದ ಇದ್ದ ಕ್ರಿಯಾಪದ. ಅಲುಗಿಸು, ಮೊಣಕೈಯಿಂದ ತಿವಿ, ಕುದುರೆ ಕುಲುಕುತ್ತ ಸಾಗು, ಇವು ಅದರ ಅರ್ಥಗಳು. ಮರೆತದ್ದನ್ನು ನೆನಪಿಸುವುದಕ್ಕೂ ‘ನೆನಪನ್ನು ಜಾಗ್ ಮಾಡು’ ಎನ್ನುತ್ತಾರೆ. ಆಕ್ಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ತನ್ನ ಓಟಗಾರರನ್ನು ವೈಟಾಕೆರೆ ಬೆಟ್ಟಗಳ ಸುಮಾರು 35 ಕಿಲೋಮೀಟರಿನ ಏರಿಳಿತದ ಸುತ್ತಿನಲ್ಲಿ ಓಡಿಸಿ ಹದಗೊಳಿಸಿದವನು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ‍್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಒಂದೇ ಸಂಜೆ ಚಿನ್ನ ಗೆದ್ದರು. ಅದೇ ಲಿಡಿಯಾರ್ಡ್ ನಡುವಯಸ್ಸಿನ, ಹೊಟ್ಟೆ ಬಂದ, ಹೃದಯ ದುರ್ಬಲವಾದ ಸಾಮಾನ್ಯ ಜನರಿಗೂ ಮೆಲ್ಲನೆ ಓಡಿ, ಮಾತಾಡುತ್ತ ಓಡಿ, ಏದುಸಿರು ಬಂದರೆ ನಿಧಾನಿಸಿ ಎಂದು ಕಲಿಸಿದ. 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು. ಆ ವರ್ಷದ ಕೊನೆಗೆ ಅಮೆರಿಕದ ಆರೆಗನ್ನಿನಿಂದ ಬಂದ ತರಬೇತುದಾರ ಬಿಲ್ ಬೋವರ್ಮನ್ ಈ ಗುಂಪಿನ ಜೊತೆ ಓಡಹೋಗಿ, ತನಗಿಂತ ಎಷ್ಟೋ ಹಿರಿಯರು ಸರಾಗವಾಗಿ ಓಡುವುದನ್ನು ಕಂಡು ಬೆರಗಾದ. ಊರಿಗೆ ಮರಳಿ ಅದನ್ನೇ ಅಲ್ಲಿ ಶುರುಮಾಡಿದ. 1967ರಲ್ಲಿ ‘ಜಾಗಿಂಗ್’ ಎಂಬ ಪುಸ್ತಕವನ್ನೂ ಒಬ್ಬ ವೈದ್ಯನ ಜೊತೆಗೂಡಿ ತಂದ. ಮುಂದೆ ನೈಕಿ ಎಂದು ಹೆಸರಾದ ಕಂಪನಿಯ ಸ್ಥಾಪಕರಲ್ಲಿ ಒಬ್ಬ ಇದೇ ಬೋವರ್ಮನ್. ಇವತ್ತು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ‘ಜಾಗಿಂಗ್ ಮಾಡ್ತಿದೀನಿ’ ಎನ್ನುವವರ ಬಾಯಿಗೆ ಆ ಮಾತು ಬಂದ ದಾರಿಯಲ್ಲಿ ಆಕ್ಲೆಂಡ್ ಒಂದು ದೊಡ್ಡ ನಿಲ್ದಾಣ.

‘ರನ್’ ಬಗ್ಗೆ ಬರೆಯಹೊರಟರೆ ಮುಗಿಯುವುದಿಲ್ಲ. ಆಕ್ಸ್‌ಫರ್ಡ್ ನಿಘಂಟಿನವರು ಆ ಒಂದು ಕ್ರಿಯಾಪದಕ್ಕೆ 645 ಅರ್ಥ ಎಣಿಸಿದ್ದಾರೆ. ಇಲ್ಲಿ ಅದು ಜಮೀನೂ ಹೌದು: ಕುರಿಗಳನ್ನು ಓಡಾಡಲು ಬಿಟ್ಟ ವಿಶಾಲ ಹುಲ್ಲುಬೆಟ್ಟ ‘ರನ್’, ಅದರ ಗೇಣಿದಾರ ‘ರನ್‌ಹೋಲ್ಡರ್’. 1860ರಲ್ಲಿ ಕ್ಯಾಂಟರ್ಬರಿಗೆ ಬಂದು ಮೆಸೊಪೊಟೇಮಿಯ ಎಂಬ ರನ್ ಹಿಡಿದ ಸ್ಯಾಮ್ಯುಯೆಲ್ ಬಟ್ಲರ್ ನಾಲ್ಕು ವರ್ಷದ ಬಳಿಕ ಮರಳಿಹೋಗಿ, 1872ರಲ್ಲಿ ‘ಎರೆವನ್’ ಕಾದಂಬರಿ ಪ್ರಕಟಿಸಿದ. ಕುರಿಯ ನಾಡಾದ್ದರಿಂದ ‘ಬೇಗ ಹೊರಡು’ ಎನ್ನುವುದಕ್ಕೂ ಕುರಿಯೇ ಬೇಕು: ‘ರ‍್ಯಾಟಲ್ ಯುವರ್ ಡ್ಯಾಗ್ಸ್’. ಕುರಿಯ ಹಿಂಬದಿಯ ಉಣ್ಣೆಗೆ ಅಂಟಿ ಒಣಗಿದ ಹಿಕ್ಕೆಯ ಗಂಟುಗಳು ಅದು ಓಡುವಾಗ ಗಲಗಲ ಎನ್ನುತ್ತವೆ. ಆ ಸದ್ದು ಬರುವಷ್ಟು ಬೇಗ ನಡಿ ಎಂದು.

ಇಲ್ಲಿಯವರೆಗೆ ಹೇಳಿದ್ದು ದೇಶದ ಒಂದು ಭಾಷೆಯ ಮಾತು. ಇಂಗ್ಲಿಷ್ ಇಲ್ಲಿಗೆ ಬರುವ ಮೊದಲು ಈ ನೆಲದಲ್ಲಿ ನಡೆದವರು ಮಾವೊರಿಯಲ್ಲಿ ನಡೆದವರು. 1987ರ ಕಾಯ್ದೆಯಿಂದ ಮಾವೊರಿ ಅಧಿಕೃತ ಭಾಷೆಯಾಯಿತು. ಕನ್ನಡ ಬಲ್ಲವರು ಆ ಭಾಷೆಯ ಚಲನೆಯ ಪದಗಳ ಹತ್ತಿರ ಹೋದರೆ ಪರಕೀಯತೆ ಅನ್ನಿಸುವುದಿಲ್ಲ. ಅದರ ತಾಯಿಪದ ‘ಹಾಯೆರೆ’. ಹೋಗು, ಬಾ, ಸಾಗು ಎಲ್ಲವೂ ಅದೇ. ದಿಕ್ಕನ್ನು ಹೇಳಲು ಹಿಂದೆ ಪುಟ್ಟ ಪ್ರತ್ಯಯಗಳಂಥ ಪದಗಳಿವೆ. ಮಾತಾಡುವವನ ಕಡೆಗಾದರೆ ‘ಮಾಯ್’, ಅವನಿಂದ ಆಚೆಗಾದರೆ ‘ಅತು’, ಮೇಲಕ್ಕೆ ‘ಅಕೆ’, ಕೆಳಕ್ಕೆ ‘ಇಹೊ’. ಹಾಯೆರೆ ಮಾಯ್ ಎಂದರೆ ಬನ್ನಿ. ವಿಮಾನ ನಿಲ್ದಾಣದ ಗೋಡೆಯ ಮೇಲೆ ಹೊಸಬರು ಮೊದಲು ಓದುವ ಮಾವೊರಿ ಮಾತು ಬಹುಶಃ ಇದೇ. ಕಾಲ್ನಡಿಗೆಯಲ್ಲಿ ಹೋಗುವುದಕ್ಕೆ ‘ಹಾಯೆರೆ ಮಾ ರರೊ’, ಅಂದರೆ ಕೆಳಗಿನಿಂದ ಹೋಗು. ನೆಲ ಹಿಡಿದು ಹೋಗುವುದೇ ನಡೆಯುವುದು.

ಬೀಳ್ಕೊಡುವ ಮಾತಿನಲ್ಲಿ ಮಾವೊರಿ ಇನ್ನೂ ಸೂಕ್ಷ್ಮ. ಉಳಿಯುವವರು ಹೊರಡುವವರಿಗೆ ‘ಹಾಯೆರೆ ರಾ’ ಎನ್ನುತ್ತಾರೆ, ಹೋಗಿ ಎಂದು. ಹೊರಡುವವರು ಉಳಿಯುವವರಿಗೆ ‘ಎ ನೊಹೊ ರಾ’ ಎನ್ನುತ್ತಾರೆ, ಇರಿ ಎಂದು. ಇಂಗ್ಲಿಷಿನ ‘ಗುಡ್‌ಬೈ’ಗೆ ಯಾರು ಹೋಗುತ್ತಿದ್ದಾರೆ, ಯಾರು ಉಳಿಯುತ್ತಿದ್ದಾರೆ ಎಂಬ ಪರಿವೆಯಿಲ್ಲ. ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗ್ತೀನಿ’ ಎಂದರೆ ಅಜ್ಜಿ ಸುಮ್ಮನಿರುವಳೇ? ‘ಹೋಗಿ ಬರ್ತೀನಿ ಅನ್ನು ಮಗಾ’ ಎಂದು ತಿದ್ದುತ್ತಾಳೆ. ಉಳಿಯುವವರು ‘ಹೋಗಿ ಬಾ’ ಎನ್ನುತ್ತಾರೆ. ಆಕ್ಲೆಂಡಿನಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಈ ‘ಬರ್ತೀನಿ’ ಒಗಟು: ಬಾಗಿಲ ಹೊರಗೆ ಕಾಲಿಟ್ಟವರು ‘ಬರ್ತೀನಿ’ ಎನ್ನುವುದೇಕೆ? ಶಾಲೆಯಲ್ಲಿ ಕಲಿತ ಹಾಯೆರೆ ರಾ, ಎ ನೊಹೊ ರಾ ಜೋಡಿಯನ್ನು ಮುಂದಿಟ್ಟುಕೊಂಡು ವಿವರಿಸಿದರೆ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಇಂಗ್ಲಿಷ್ ಮೂಲಕ ಹೋದರೆ ಸುತ್ತುದಾರಿ.

ಇನ್ನೊಂದು ಹೋಲಿಕೆಯಂತೂ ಬೆರಗು ಹುಟ್ಟಿಸುವಂಥದ್ದು. ಮಾವೊರಿಯಲ್ಲಿ ಬೇರೊಂದು ಪದದ ಹಿಂದೆ ಹಾಯೆರೆ ಬಂದರೆ ಕ್ರಮಕ್ರಮವಾಗಿ ಆಗುತ್ತಿರುವುದೆಂದು ಅರ್ಥ. ‘ಪೈ’ ಎಂದರೆ ಚೆನ್ನ. ‘ಪೈ ಹಾಯೆರೆ’ ಎಂದರೆ ಚೆನ್ನಾಗುತ್ತಾ ಹೋಗು. ಬೆಳೆಯುತ್ತಾ ಹೋಯಿತು, ಕಡಿಮೆಯಾಗುತ್ತಾ ಬಂತು ಎಂದು ನಾವೂ ಅದನ್ನೇ ಮಾಡುತ್ತೇವೆ. ಸಾವಿರಾರು ಮೈಲಿ ದೂರದ, ಯಾವ ನಂಟೂ ಇಲ್ಲದ ಎರಡು ಭಾಷೆಗಳು ಕಾಲದ ಬದಲಾವಣೆಯನ್ನು ಕಾಲಿನ ಚಲನೆಯಿಂದಲೇ ಅಳೆದಿವೆ.

ಭಾಷಾಶಾಸ್ತ್ರಜ್ಞ ಲೆನರ್ಡ್ ಟಾಲ್ಮಿ 1985ರಲ್ಲಿ ಚಲನೆಯ ಕ್ರಿಯಾಪದಗಳ ಬಗ್ಗೆ ಒಂದು ವಿಂಗಡಣೆ ಮುಂದಿಟ್ಟ. ಕೆಲವು ಭಾಷೆಗಳ ಕ್ರಿಯಾಪದ ದಾರಿಯನ್ನು ಹೇಳುತ್ತದೆ, ಇನ್ನು ಕೆಲವು ಭಾಷೆಗಳ ಕ್ರಿಯಾಪದ ಬಗೆಯನ್ನು ಹೇಳುತ್ತದೆ ಎಂಬುದು ಅದರ ಸಾರ. ಇಂಗ್ಲಿಷ್ ಎರಡನೆಯ ಗುಂಪಿನದು: ಹೇಗೆ ನಡೆದ ಎಂಬುದು ಕ್ರಿಯಾಪದದ ಹೊಟ್ಟೆಯಲ್ಲೇ ಇರುತ್ತದೆ, ಒಳಗೋ ಹೊರಗೋ ಮೇಲೋ ಕೆಳಗೋ ಎಂಬುದನ್ನು ಪಕ್ಕದ ಸಣ್ಣ ಪದ ಹೇಳುತ್ತದೆ. ಕನ್ನಡ ಹತ್ತು, ಇಳಿ, ಹೊಗು, ಹೊರಡು, ಮರಳು ಎಂದು ದಾರಿಗೇ ಕ್ರಿಯಾಪದ ಮಾಡಿದೆ. ಮಾವೊರಿಯಲ್ಲೂ ಇವಕ್ಕೆ ಸಾಲಾಗಿ ಪಿಕಿ, ಹೆಕೆ, ಕುಹು, ಪುತ, ಹೊಕಿ ಇವೆ. ಬಗೆಯನ್ನು ಹೇಳಲು ನಮಗೆ ಅನುಕರಣ ಪದಗಳ ಸಂಪತ್ತಿದೆ: ಬಿರುಬಿರನೆ, ಸರಸರನೆ, ದಡದಡನೆ, ಕುಲುಕುಲು, ಮೆಲ್ಲಮೆಲ್ಲನೆ. ಆದ್ದರಿಂದ ವಾಕ್‌ನ ಪಟ್ಟಿಯನ್ನು ಕನ್ನಡಕ್ಕೆ ತರುವವರು ಇಪ್ಪತ್ತು ಕ್ರಿಯಾಪದ ಸಿಗಲಿಲ್ಲವಲ್ಲ ಎಂದು ಕನ್ನಡ ಬಡವೆಂದು ತೀರ್ಮಾನಿಸುವುದು ತಪ್ಪು. ಟ್ರಜ್ ಎಂಬುದಕ್ಕೆ ‘ಕಾಲೆಳೆದುಕೊಂಡು ನಡೆ’, ಸ್ಟ್ರೈಡ್‌ಗೆ ‘ದಾಪುಗಾಲು ಹಾಕು’ ಎನ್ನುವಾಗ ನಮ್ಮಲ್ಲಿ ಕಾಲೂ ಕಾಣುತ್ತದೆ. ಸ್ಟ್ರೋಲ್‌ಗೆ ಧಾರವಾಡದವರು ‘ಅಡ್ಡಾಡು’ ಎನ್ನುತ್ತಾರೆ. ‘ಸಂಜೀಕೆ ಅಡ್ಡಾಡಕ ಹೋಗೂಣು’ ಎಂಬ ಮಾತಿನಲ್ಲಿ ಸ್ಟ್ರೋಲ್‌ನ ಸುಖವೆಲ್ಲ ಇದೆ.

ಟ್ರ್ಯಾಂಪ್‌ಗೆ ಮಾವೊರಿಯಲ್ಲಿ ತೀರ ಹತ್ತಿರದ ಪದ ‘ತಕಹಿ’: ತುಳಿ. ಸಾವು ಆದ ಮನೆಯಲ್ಲಿ ಅಂತ್ಯಕ್ರಿಯೆ ಮುಗಿದ ಮೇಲೆ ಬಂಧುಗಳು ಪ್ರಾರ್ಥನೆ ಹೇಳುತ್ತ ಕೋಣೆ ಕೋಣೆಯಲ್ಲೂ ನಡೆದಾಡಿ ಮನೆಯನ್ನು ಮತ್ತೆ ಬದುಕುವವರಿಗೆ ಒಪ್ಪಿಸುವ ವಿಧಿ ಇದೆ. ಅದು ‘ತಕಹಿ ಫರೆ’, ಮನೆ ತುಳಿಯುವುದು. ಒಬ್ಬರ ಘನತೆಯನ್ನು ಕಾಲಡಿಗೆ ಹಾಕುವುದಕ್ಕೂ ತಕಹಿಯೇ. ಶುದ್ಧಿಗೂ ಅವಮಾನಕ್ಕೂ ಒಂದೇ ಕಾಲು. ನಮ್ಮ ‘ತುಳಿ’ಯೂ ಹಾಗೆಯೇ: ಹೊಸ ಹಾದಿ ತುಳಿದವರು ಎಂದು ಹೊಗಳುತ್ತೇವೆ, ತುಳಿತಕ್ಕೆ ಒಳಗಾದವರು ಎಂದು ಮರುಗುತ್ತೇವೆ, ‘ನಿನ್ನ ಮನೆ ಹೊಸ್ತಿಲು ತುಳಿಯೋದಿಲ್ಲ’ ಎಂದು ಸಿಟ್ಟಾಗುತ್ತೇವೆ. ನೆಲಕ್ಕೆ ಕಾಲನ್ನು ಒತ್ತುವುದರಲ್ಲಿ ಒಡೆತನದ ಪ್ರಶ್ನೆ ಅಡಗಿದೆ. ಹಾಗಾಗಿ ಈ ನೆಲ ಯಾರದು ಎಂಬ ಮಾತು ಬಂದಾಗ ಮಾವೊರಿಗಳು ನಡೆದೇ ಕೇಳಿದರು.

‘ಹೀಕೊಯಿ’ಗೆ ನೇರ ಅರ್ಥ ಹೆಜ್ಜೆಯಿಡು, ನಡೆ. 1975ರ ಸೆಪ್ಟೆಂಬರ್ 14ರಂದು ಉತ್ತರದ ತುದಿಯ ತೆ ಹಾಪುವಾದಿಂದ ಸುಮಾರು ಐವತ್ತು ಜನರ ಗುಂಪು ಹೊರಟಿತು. ಮುಂದಾಳು ಫಿನಾ ಕೂಪರ್; ಆಗ ಆಕೆಗೆ 79 ವರ್ಷ. ಮಾವೊರಿ ಭೂಮಿಯಲ್ಲಿ ಇನ್ನೊಂದು ಎಕರೆಯೂ ಕೈಬಿಟ್ಟು ಹೋಗಬಾರದು ಎಂಬುದು ಅವರ ಬೇಡಿಕೆ. ಸುಮಾರು ಸಾವಿರ ಕಿಲೋಮೀಟರ್ ಸಾಗಿ ಅಕ್ಟೋಬರ್ 13ರಂದು ವೆಲಿಂಗ್ಟನ್ನಿನ ಪಾರ್ಲಿಮೆಂಟ್ ತಲುಪುವಾಗ ಗುಂಪು ಐದು ಸಾವಿರವಾಗಿತ್ತು, ಮನವಿಗೆ ಅರುವತ್ತು ಸಾವಿರ ಸಹಿ ಬಿದ್ದಿತ್ತು. ದಂಡಿಗೆ ನಡೆದ ಗಾಂಧಿಯ ನಾಡಿನಿಂದ ಬಂದ ನಮಗೆ ಆ ನಡಿಗೆಯ ಹೊಳಹು ಸಿಗಲು ತಡವಾಗದು. ಆದರೆ ಇಂಗ್ಲಿಷಿನವರು ಆಗ ಅದನ್ನು ಕರೆದದ್ದು ‘ಲ್ಯಾಂಡ್ ಮಾರ್ಚ್’ ಎಂದು. ಮಾರ್ಚ್ ಸೈನಿಕರ ಪದ, ಸಾಲು ಮತ್ತು ಆಜ್ಞೆಯ ಪದ. 2004ರಲ್ಲಿ ಕಡಲತೀರದ ಹಕ್ಕಿಗಾಗಿ ನಡೆದಾಗ ಪತ್ರಿಕೆಗಳು ಹೀಕೊಯಿ ಎಂದೇ ಬರೆದವು. 2024ರ ನವೆಂಬರಿನಲ್ಲಿ ಮಾವೊರಿಗಳಿಗೂ ಬ್ರಿಟಿಷ್ ರಾಜಸತ್ತೆಗೂ ನಡುವಣ ವೈಟಾಂಗಿ ಒಪ್ಪಂದದ ಅರ್ಥವನ್ನೇ ಮತ್ತೆ ನಿರೂಪಿಸಹೊರಟ ಮಸೂದೆಯ ವಿರುದ್ಧ ‘ಹೀಕೊಯಿ ಮೊ ತೆ ತಿರಿತಿ’, ಅಂದರೆ ಒಪ್ಪಂದಕ್ಕಾಗಿ ನಡಿಗೆ, ಹೊರಟಿತು. ನವೆಂಬರ್ 19ರಂದು ಪಾರ್ಲಿಮೆಂಟಿನ ಬಳಿ ಪೊಲೀಸರ ಅಂದಾಜಿನಂತೆ 42,000 ಜನ ಸೇರಿದರು. ಅದರಲ್ಲಿ ಮಾವೊರಿಯಲ್ಲದವರೂ ಬಹಳ ಇದ್ದರು. ಊರು ಊರುಗಳ ನಡುವೆ ಬಹುಪಾಲು ದೂರವನ್ನು ಕಾರು ಬಸ್ಸುಗಳಲ್ಲಿ ಕ್ರಮಿಸಿ, ಊರೊಳಗೆ ಇಳಿದು ನಡೆದರು. ಆದರೂ ಆದಿಯಿಂದ ಅಂತ್ಯದವರೆಗೆ ಅದು ಹೀಕೊಯಿಯೇ. ಮಸೂದೆ 2025ರ ಏಪ್ರಿಲ್ 10ರಂದು 112ಕ್ಕೆ 11 ಮತಗಳಿಂದ ಬಿದ್ದುಹೋಯಿತು. ದೋಣಿಯಲ್ಲಿ ಹೋದರೂ ‘ಗ್ರೇಟ್ ವಾಕ್’ ಆದದ್ದು ಪ್ರವಾಸೋದ್ಯಮದ ಅನುಕೂಲಕ್ಕೆ. ಕಾರಿನಲ್ಲಿ ಹೋದರೂ ಹೀಕೊಯಿ ಆದದ್ದು ಐವತ್ತು ವರ್ಷದ ಹಿಂದೆ ನಿಜವಾಗಿ ನಡೆದವರ ಋಣದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಇಂಥ ಭೇದಗಳನ್ನು ಹಿಡಿದಿಡಬಲ್ಲದ್ದು ಪದ ಯಾವಾಗ, ಯಾರ ಬಾಯಲ್ಲಿ, ಯಾವ ವಾಕ್ಯದಲ್ಲಿ ಬಂತು ಎಂದು ದಾಖಲಿಸುವ ನಿಘಂಟು. ಸಮಾನಾರ್ಥಕಗಳ ಪಟ್ಟಿಗೆ ಅದು ಸಾಧ್ಯವಿಲ್ಲ. ವೆಲಿಂಗ್ಟನ್ನಿನ ವಿಕ್ಟೋರಿಯ ವಿಶ್ವವಿದ್ಯಾಲಯದ ಹ್ಯಾರಿ ಆರ್ಸ್‌ಮನ್ ನಾಲ್ಕು ದಶಕ ಚೀಟಿಗಳಲ್ಲಿ ಉದಾಹರಣೆ ಕೂಡಿಹಾಕಿ 1997ರಲ್ಲಿ ‘ದಿ ಡಿಕ್ಷನರಿ ಆಫ್ ನ್ಯೂಜಿಲೆಂಡ್ ಇಂಗ್ಲಿಷ್’ ಹೊರತಂದದ್ದು ಈ ದಾರಿಯಲ್ಲಿ. ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿಕೊಟ್ಟೇ ಅರ್ಥ ಹೇಳುತ್ತದೆ. ನ್ಯೂಜಿಲೆಂಡಿನ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಕೆಲವು ಸಣ್ಣ ಅನುಕೂಲಗಳಿವೆ. ಒಂದು ದಿನದ ಬೆಟ್ಟದ ನಡಿಗೆಗೆ ಚಾರಣ ಸಾಕು. ಗುಡಿಸಲಿಂದ ಗುಡಿಸಲಿಗೆ ಹೊರೆ ಹೊತ್ತು ಸಾಗುವುದಕ್ಕೆ ಟ್ರ್ಯಾಂಪಿಂಗ್ ಎಂದೇ ಬರೆದು ಒಮ್ಮೆ ವಿವರಿಸುವುದು ಮೇಲು. ಸೈಡ್ಲ್‌ಗೆ ‘ಮಗ್ಗುಲು ಹಿಡಿದು ಹೋಗು’ ಎನ್ನಬಹುದು. ಹೀಕೊಯಿಗೆ ಪಾದಯಾತ್ರೆ ಎಂದರೆ ಭಕ್ತಿಯೂ ಚುನಾವಣೆಯೂ ಒಳನುಗ್ಗುತ್ತವೆ, ಜಾಥಾ ಎಂದರೆ ಭಾಷಣದ ವೇದಿಕೆ ಕಾಣುತ್ತದೆ. ಇಂಗ್ಲಿಷ್ ಪತ್ರಿಕೆಗಳು ಕಲಿತ ಹಾಗೆ ನಾವೂ ಅದನ್ನು ಹೀಕೊಯಿ ಎಂದೇ ಉಳಿಸಿಕೊಳ್ಳೋಣ.